ಟೆಕ್ಸಾಸಿಗೆ ಹೋದ ಯೂಸುಫ್ ಆದಿಲ್ ಶಾಹ

ಟೆಕ್ಸಾಸಿಗೆ ನಾನು ಹೋದದ್ದು ಮೆಹರುನ್ನಿಸಾಳನ್ನು ಊರಿಗೆ ಕರೆದುಕೊಂಡು ಬರಲಿಕ್ಕೆ. ಭಾಷಣ, ಶಾಲು, ಹಾರ ಎಲ್ಲ ನೆಪ. ಆದರೆ ಒಂದು ನೆಪವಿಲ್ಲದೆ ಈ ವಯಸ್ಸಿನಲ್ಲಿ ಅಷ್ಟು ದೂರ ಹೋಗುತ್ತೇನೆಂದರೆ ಮನೆಯಲ್ಲಿ ಯಾರು ಒಪ್ಪುತ್ತಾರೆ?

ಮೆಹರ್ ಮತ್ತು ನಾನು ವಿಜಯಪುರದ ಒಂದೇ ಕಾಲೇಜಿನಲ್ಲಿ ಪಾಠ ಮಾಡಿದವರು. ನನ್ನದು ಇತಿಹಾಸ, ಆಕೆಯದು ಗೃಹವಿಜ್ಞಾನ. ಮನೆಯೂ ಒಂದೇ ಓಣಿಯಲ್ಲಿ. ಗಂಡ ತೀರಿಕೊಂಡು, ಕೆಲಸದಿಂದ ನಿವೃತ್ತಿಯೂ ಆದ ಮೇಲೆ ಆಕೆ ಹ್ಯೂಸ್ಟನ್‌ನಲ್ಲಿ ನರ್ಸ್ ಆಗಿರುವ ಒಬ್ಬಳೇ ಮಗಳು ನಸ್ರೀನಳ ಮನೆ ಸೇರಿದಳು. ಈಗ ಹೃದಯ ಸೋತಿದೆ. ಊರಿಗೆ ಹೋಗುವುದಿದ್ದರೆ ಈಗಲೇ ಹೋಗಿ, ತಡವಾದರೆ ವಿಮಾನ ಹತ್ತಲು ಬಿಡುವುದಿಲ್ಲ ಎಂದು ಡಾಕ್ಟರು ಹೇಳಿದ ದಿನವೇ ನನಗೆ ಫೋನು ಮಾಡಿದಳು.

"ಶಾಂತಾ, ನೀ ಬಂದು ನನ್ನ ಕರ್ಕೊಂಡು ಹೋಗು. ನನ್ನ ಮಣ್ಣು ವಿಜಾಪುರದಾಗ ಆಗಲಿ."

ನಮ್ಮ ಕಡೆ ಅಂತ್ಯಸಂಸ್ಕಾರಕ್ಕೆ ಹೋಗುವುದನ್ನು ಮಣ್ಣಿಗೆ ಹೋಗುವುದು ಎನ್ನುತ್ತಾರೆ. ಅವರಲ್ಲೂ ಹೂಳುತ್ತಾರೆ, ಲಿಂಗಾಯತರಾದ ನಮ್ಮಲ್ಲೂ ಹೂಳುತ್ತಾರೆ. ಹತ್ತಿರದವರು ಹಿಡಿ ಮಣ್ಣು ಹಾಕಿ ಬರುತ್ತಾರೆ. ಹಾಗಾಗಿ ಆಕೆ ಏನು ಕೇಳುತ್ತಿದ್ದಾಳೆಂದು ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಆಕೆಯ ತಮ್ಮನ ಮನೆಯಲ್ಲಿ ಕೋಣೆಗೆ ಸುಣ್ಣ ಬಳಿಸಿದೆವು. ಡಲ್ಲಾಸಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿ ಗೀತಾ ಅಲ್ಲಿಯ ಕನ್ನಡ ಬಳಗಕ್ಕೆ ಹೇಳಿ ಒಂದು ಭಾಷಣ ಇಡಿಸಿದಳು. ಆಸ್ಟಿನ್ನಿನವರೂ ಕರೆದರು. ಆದಿಲ್ ಶಾಹಿ ಮನೆತನವನ್ನು ಕಟ್ಟಿದ ಯೂಸುಫನ ಬಗ್ಗೆ ಮಾತಾಡುವುದೆಂದಾಯಿತು. ವಾಪಸು ಬರುವಾಗ ಮೆಹರಿಗೂ ನನಗೂ ಅಕ್ಕಪಕ್ಕದ ಸೀಟು.

ಇದೆಲ್ಲ ಪರೋಪಕಾರವೆಂದು ತಿಳಿಯಬೇಡಿ. ಮೆಹರ್ ಹೋದಮೇಲೆ ನನ್ನೊಡನೆ ಜಗಳವಾಡುವವರೇ ಇರಲಿಲ್ಲ. ಆಕೆ ಬಂದರೆ ಸಂಜೆಗೆ ಒಂದು ಅರ್ಥ ಬರುತ್ತದೆ ಎಂಬ ಆಸೆ ನನ್ನದು.

ಡಲ್ಲಾಸ್

ಗೀತಾಳ ಮನೆ ಇರುವುದು ಡಲ್ಲಾಸಿನ ಹೊರಗಿನ ಮರ್ಫಿ ಎಂಬ ಊರಿನಲ್ಲಿ. ಅಲ್ಲಿ ಮನೆಗಳಿವೆ, ಹುಲ್ಲಿದೆ, ಕಾರುಗಳಿವೆ, ಮನುಷ್ಯರು ಮಾತ್ರ ಕಾಣುವುದಿಲ್ಲ. ಮೊದಲ ಬೆಳಿಗ್ಗೆ ನಾನು ಇಳಕಲ್ ಸೀರೆಯುಟ್ಟು, ಕಾಲಿಗೆ ಬೂಟು ಹಾಕಿ ವಾಕಿಂಗ್ ಹೊರಟೆ. ಒಂದು ತಿರುವು ದಾಟುವಷ್ಟರಲ್ಲಿ ಕಾರೊಂದು ನಿಂತಿತು. ಒಳಗಿದ್ದ ಬಿಳಿಕೂದಲಿನ ಹೆಂಗಸು ಕಿಟಕಿ ಇಳಿಸಿ, ದಾರಿ ತಪ್ಪಿದ್ದೀರಾ, ಯಾರಿಗಾದರೂ ಫೋನು ಮಾಡಲೇ ಎಂದು ಬಹಳ ಕಾಳಜಿಯಿಂದ ಕೇಳಿದಳು. ಸುಮ್ಮನೆ ನಡೆಯುತ್ತಿದ್ದೇನೆ ಎಂದರೆ ನಂಬಲಿಲ್ಲ. ನಾನು ಗೀತಾಳ ಮನೆಯ ಬಾಗಿಲು ಸೇರುವವರೆಗೂ ಮೆಲ್ಲಗೆ ಹಿಂದೆಯೇ ಕಾರು ಬಿಟ್ಟುಕೊಂಡು ಬಂದಳು. ನಮ್ಮ ಓಣಿಯಲ್ಲಿ ಹೀಗೆ ಯಾರೂ ನಡೆದಾಡದಿದ್ದರೆ ಕರ್ಫ್ಯೂ ಹಾಕಿದ್ದಾರೆಂದು ಅರ್ಥ.

ಭಾಷಣದ ದಿನ ವೇದಿಕೆಗೆ ಹೋಗಿ ನೋಡುತ್ತೇನೆ, ಹಿಂದೆ ಆಳೆತ್ತರದ ಗೋಲ್ ಗುಂಬಜ್! ರಟ್ಟು, ಥರ್ಮೋಕೋಲ್, ಬಣ್ಣ. ಗೀತಾಳ ಗಂಡ ರಘು ಮೈಸೂರಿನವನು. ವಾರಗಟ್ಟಲೆ ಗ್ಯಾರೇಜಿನಲ್ಲಿ ಗೆಳೆಯರನ್ನು ಸೇರಿಸಿಕೊಂಡು ಕಟ್ಟಿದ್ದನಂತೆ. ಯೂಸುಫ್ ಎಂದರೆ ಬಿಜಾಪುರ, ಬಿಜಾಪುರ ಎಂದರೆ ಗೋಲ್ ಗುಂಬಜ್ ಎಂಬುದು ಅವನ ಲೆಕ್ಕ. ಸುಮ್ಮನಿರಬೇಕಿತ್ತು. ನನ್ನ ಬಾಯಿ ಎಂದಾದರೂ ಸುಮ್ಮನಿದ್ದಿದೆಯೇ? ಮೈಕು ಹಿಡಿದ ಕೂಡಲೇ, "ಹಿಂದೆ ಕಾಣುವ ಗುಮ್ಮಟಕ್ಕೂ ನಾನು ಹೇಳಲಿರುವ ಮನುಷ್ಯನಿಗೂ ಸಂಬಂಧವಿಲ್ಲ. ಅದು ಆ ವಂಶದ ಏಳನೆಯ ದೊರೆಯದು. ಯೂಸುಫನ ಗೋರಿಯ ಮೇಲೆ ಗುಮ್ಮಟವೇ ಇಲ್ಲ" ಎಂದುಬಿಟ್ಟೆ. ಸಭೆ ನಕ್ಕಿತು. ರಘುವೂ ನಕ್ಕ, ಆದರೆ ಅವನ ಕಿವಿ ಕೆಂಪಾದದ್ದು ವೇದಿಕೆಯಿಂದಲೇ ಕಾಣಿಸಿತು.

ಯೂಸುಫನ ಕಥೆ ಹೀಗಿದೆ. ತುರ್ಕಿಯ ಆಟೊಮನ್ ಸುಲ್ತಾನನೊಬ್ಬ ತೀರಿಕೊಂಡ. ಪಟ್ಟಕ್ಕೆ ಬಂದ ಹಿರಿಯ ಮಗ, ಮುಂದೆ ಪೈಪೋಟಿ ಬೇಡವೆಂದು ಪುಟ್ಟ ತಮ್ಮನನ್ನು ಮುಗಿಸಲು ಆಳು ಕಳಿಸಿದ. ತಾಯಿ ಸ್ವಲ್ಪ ಗಡುವು ಬೇಡಿಕೊಂಡು, ಮಗನ ಜಾಗದಲ್ಲಿ ಬೇರೊಬ್ಬ ಹುಡುಗನನ್ನು ಒಪ್ಪಿಸಿ, ಮಗನನ್ನು ಪರ್ಷಿಯಾದ ವರ್ತಕನೊಬ್ಬನ ಕೈಗೆ ಕೊಟ್ಟಳು. ಮಗು ಪರ್ಷಿಯಾದಲ್ಲಿ ಬೆಳೆಯಿತು. ದೊಡ್ಡವನಾದ ಮೇಲೆ ಕನಸಿನಲ್ಲಿ ಸಂತನೊಬ್ಬ ಬಂದು ಹಿಂದೂಸ್ಥಾನಕ್ಕೆ ಹೋಗು ಎಂದ. ದಾಭೋಳದ ಬಂದರಿನಲ್ಲಿ ಇಳಿದು, ಗುಲಾಮನಾಗಿ ಬೀದರಿನ ಬಹಮನಿ ಮಂತ್ರಿಯ ಮನೆ ಸೇರಿದ. ಕುದುರೆ ಲಾಯದಿಂದ ಮೇಲೆದ್ದು ವಿಜಾಪುರದ ಸುಭೇದಾರನಾದ. ಬಹಮನಿ ರಾಜ್ಯದ ಹಿಡಿತ ಸಡಿಲಾದಾಗ ತಾನೇ ದೊರೆಯಾದ. ಮರಾಠಿ ಹೆಣ್ಣನ್ನು ಮದುವೆಯಾದ, ಗೋವೆಗಾಗಿ ಪೋರ್ಚುಗೀಸರೊಡನೆ ಕಾದಿದ. ಸತ್ತ ಮೇಲೆ, ಈಗ ಯಾದಗಿರಿ ಜಿಲ್ಲೆಯಲ್ಲಿರುವ ಗೋಗಿ ಎಂಬ ಸಣ್ಣ ಊರಿನಲ್ಲಿ, ತಾನು ನಂಬಿದ ಸೂಫಿ ಗುರುವಿನ ದರ್ಗಾದ ಅಂಗಳದಲ್ಲಿ ಮಣ್ಣಾದ. ಮಗ, ಮೊಮ್ಮಗ ಕೂಡ ಅಲ್ಲೇ ಮಲಗಿದ್ದಾರೆ.

ಇದರಲ್ಲಿ ರಾಜಕುಮಾರನ ಭಾಗವನ್ನು ನಾನು ಎಂದೂ ನಂಬಿದವಳಲ್ಲ. ಅದನ್ನು ಬರೆದದ್ದು ನೂರು ವರ್ಷ ಕಳೆದ ಮೇಲೆ, ಅದೇ ಮನೆತನದ ಅನ್ನ ತಿನ್ನುತ್ತಿದ್ದ ಆಸ್ಥಾನದ ಇತಿಹಾಸಕಾರ. ಗುಲಾಮನಾಗಿ ಬಂದವನ ವಂಶ ಎಂದು ಬರೆದರೆ ಯಾವ ದೊರೆ ಮೆಚ್ಚುತ್ತಾನೆ? ಹೀಗೆ ವಿವರಿಸುತ್ತಿದ್ದಾಗ ಸಭೆಯ ಮುಖ ಬಾಡಿತು. ಅವರಿಗೆ ರಾಜಕುಮಾರನೇ ಬೇಕಿತ್ತು. ನನಗೆ ಕಾಡುವುದು ಆ ಬದಲಿ ಹುಡುಗ. ಕಥೆ ನಿಜವೋ ಸುಳ್ಳೋ, ಅವನಿಗೊಂದು ಹೆಸರಿಡಬೇಕೆಂದು ಯಾರಿಗೂ ಅನಿಸಲಿಲ್ಲ.

ಮರುದಿನ ರಘು ಮುನಿಸಿಲ್ಲದೆ ನನ್ನನ್ನು ತುರ್ಕಿಯವನೊಬ್ಬನ ಚಹಾದಂಗಡಿಗೆ ಕರೆದೊಯ್ದ. "ಪರವಾಗಿಲ್ಲ ಮೇಡಂ, ಮುಂದಿನ ವರ್ಷ ಗೋಲ್ ಗುಂಬಜ್ ಬಗ್ಗೆನೇ ಮಾತಾಡಿ. ಸೆಟ್ ರೆಡಿ ಇದೆ" ಎಂದ. ಅಂಗಡಿಯಾತ ದಪ್ಪ ಮೀಸೆಯ, ನಗುಮುಖದ ಮನುಷ್ಯ. ನಡು ಸಣ್ಣಗಿರುವ ಪುಟ್ಟ ಗಾಜಿನ ಲೋಟದಲ್ಲಿ ಕೆಂಪು ಚಹಾ ಕೊಟ್ಟ. ಬಿಟ್ಟರೆ ಅನಾದರವಾದೀತೆಂದು ಪೂರ್ತಿ ಕುಡಿದೆ. ತಕ್ಷಣ ತುಂಬಿಸಿದ. ಮತ್ತೆ ಕುಡಿದೆ, ಮತ್ತೆ ತುಂಬಿಸಿದ. ನಮ್ಮಲ್ಲಿ ಖಾಲಿ ಕಪ್ಪು ಸಾಕು ಎನ್ನುತ್ತದೆ, ಅವರಲ್ಲಿ ಇನ್ನೂ ಬೇಕು ಎನ್ನುತ್ತದೆ. ಹೊಟ್ಟೆ ಕೊಡವಾದ ಮೇಲೆ ಆತನೇ ಕನಿಕರಪಟ್ಟು ಚಮಚವನ್ನು ಲೋಟದ ಬಾಯಿಗೆ ಅಡ್ಡವಾಗಿಟ್ಟು ತೋರಿಸಿದ. ಹಾಗಿಟ್ಟರೆ ಸಾಕು ಎಂದಂತೆ.

ನಮ್ಮೂರಿನ ಮೊದಲ ಸುಲ್ತಾನ ನಿಮ್ಮ ಸುಲ್ತಾನನ ಮಗನೆಂದು ಹೇಳುತ್ತಾರೆ ಎಂದೆ ನಾನು. ಆತ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಮ್ಮಾ, ದೂರ ಹೋದ ಪ್ರತಿಯೊಬ್ಬ ತುರ್ಕನೂ ಸುಲ್ತಾನನ ಮಗನೇ" ಎಂದ ಇಂಗ್ಲಿಷಿನಲ್ಲಿ. ಆಮೇಲೆ ನಗು ನಿಲ್ಲಿಸಿ, "ನಾನೂ ಇಲ್ಲಿಗೆ ಬಂದ ಹೊಸತರಲ್ಲಿ ನಮ್ಮಪ್ಪನದು ದೊಡ್ಡ ತೋಟ ಎಂದು ಎಲ್ಲರಿಗೂ ಹೇಳುತ್ತಿದ್ದೆ" ಎಂದ. ಅಪ್ಪ ಬಸ್ ಡ್ರೈವರ್ ಆಗಿದ್ದನಂತೆ.

ಹ್ಯೂಸ್ಟನ್

ಹ್ಯೂಸ್ಟನ್‌ಗೆ ಬಸ್ಸಿನಲ್ಲಿ ಹೋದೆ. ದಾರಿಯಲ್ಲಿ ಟೀ ಕೇಳಿದರೆ ಬಕೆಟ್ಟಿನಂಥ ಲೋಟದ ತುಂಬ ಐಸು ಹಾಕಿದ ಸಕ್ಕರೆ ಪಾನಕ ಕೊಟ್ಟರು. ಅದನ್ನು ಮಡಿಲಲ್ಲಿಟ್ಟುಕೊಂಡು, ಕುಡಿಯಲೂ ಆಗದೆ ಚೆಲ್ಲಲೂ ಆಗದೆ ಊರು ತಲುಪಿದೆ.

ನಸ್ರೀನಳ ಮನೆ ಹ್ಯೂಸ್ಟನ್ನಿಗೆ ಅಂಟಿಕೊಂಡಿರುವ ಮಿಸೌರಿ ಸಿಟಿಯಲ್ಲಿ. ಬಾಗಿಲು ತೆರೆದವಳು ಮೆಹರೇ. ಎಷ್ಟು ಇಳಿದುಹೋಗಿದ್ದಾಳೆ! ಗಟ್ಟಿಯಾಗಿ ಅಪ್ಪಿಕೊಳ್ಳಲು ಹೆದರಿಕೆಯಾಯಿತು. ಆದರೆ ಬಾಯಿ ಮಾತ್ರ ಇಳಿದಿರಲಿಲ್ಲ.

"ಏನ ಬೆವರಾಕತ್ತಿ? ವಿಜಾಪುರದ ಬಿಸಲಿಗೆ ಹೆದರದಾಕಿ! ಇದು ಬಿಸಲಲ್ಲವಾ, ಅನ್ನ ಕುದಿಯೂ ಪಾತೇಲಿ ಒಳಗಿನ ಹವಾ. ಒಳಗ ಬಾ, ಏಸಿ ಅದ."

ಕೋಣೆಯಲ್ಲಿ ಪೆಟ್ಟಿಗೆ ಆಗಲೇ ಸಿದ್ಧವಿತ್ತು. ತಮ್ಮನ ಮೊಮ್ಮಕ್ಕಳಿಗೆ ಚಾಕಲೇಟು, ಓಣಿಯ ಒಬ್ಬೊಬ್ಬರಿಗೂ ಒಂದೊಂದು ಸಾಮಾನು. ನನಗೆ ಸಮಾಧಾನವಾಯಿತು. ಮಧ್ಯಾಹ್ನ ಜೋಳದ ರೊಟ್ಟಿ ಬಡಿಯುತ್ತೇನೆಂದು ಹಟ ಹಿಡಿದಳು. ಆ ಎಲೆಕ್ಟ್ರಿಕ್ ಒಲೆಯ ಮೇಲೆ ರೊಟ್ಟಿ ಉಬ್ಬಲೇ ಇಲ್ಲ. ಹಪ್ಪಳದಂತಾದದ್ದನ್ನು ಮುರಿದು, ಚಟ್ನಿಪುಡಿ ಮೊಸರು ಕಲಸಿಕೊಂಡು ತಿಂದೆವು. ತಿನ್ನುತ್ತಲೇ ಹಳೆಯ ಜಗಳ ಶುರುವಾಯಿತು. ಸ್ಟಾಫ್ ರೂಮಿನಲ್ಲಿ ವರ್ಷಗಟ್ಟಲೆ ಆಡಿದ ಜಗಳ ಅದು.

"ಅಲ್ಲಾ, ಡಲ್ಲಾಸಿನಾಗೂ ಯೂಸುಫ್ ರಾಜಕುಮಾರ ಅಲ್ಲ ಅಂದ್ಯಂತ?"

"ಆಧಾರ ಎಲ್ಲದ, ಮೆಹರ್?"

"ನಿನಗ ಬರೇ ಆಧಾರ. ಸುಲ್ತಾನ ಸುಳ್ಳ ಇರಬಹುದು, ಪಟ್ಟ ಸುಳ್ಳ ಇರಬಹುದು. ಇಷ್ಟು ದೂರ ಬಂದ ಮನಷ್ಯಾಗ ಹಿಂದ ಒಬ್ಬಾಕಿ ತಾಯಿ ಇರಲೇಬೇಕಲ್ಲ. ಆಕಿ ಹೆಂಗ ಕಳಿಸಿದ್ಲು ಅನ್ನೂದರ ಮ್ಯಾಲ ನನ್ನ ಲಕ್ಷ್ಯ."

ಆಕೆಗೆ ಆ ಕಥೆಯ ಹೆಂಗಸರೇ ಮುಖ್ಯ. ಯೂಸುಫ್ ಸತ್ತು, ಪಟ್ಟಕ್ಕೆ ಬಂದ ಎಳೆಯ ಮಗನನ್ನು ಮುಗಿಸಲು ಮಂತ್ರಿ ಹೊಂಚುಹಾಕಿದಾಗ, ಮರಾಠಿ ರಾಣಿಯೂ ತುರ್ಕಿ ಕಡೆಯಿಂದ ಬಂದಿದ್ದ ದಿಲ್ಶಾದ್ ಎಂಬಾಕೆಯೂ ಗಂಡುಡುಗೆ ತೊಟ್ಟು ಕೋಟೆಯ ಮೇಲೆ ನಿಂತು ಕಾದಿದರೆಂದು ಅದೇ ಆಸ್ಥಾನದ ಇತಿಹಾಸ ಹೇಳುತ್ತದೆ. ಕಾಲೇಜಿನ ಆಡಳಿತದವರೊಡನೆ ನಾವಿಬ್ಬರೂ ಸೇರಿ ಜಗಳವಾಡಿದಾಗಲೆಲ್ಲ ಮೆಹರ್ ನನ್ನನ್ನು ರಾಣಿ ಎಂದು, ತನ್ನನ್ನು ದಿಲ್ಶಾದ್ ಎಂದು ಕರೆದುಕೊಳ್ಳುತ್ತಿದ್ದಳು.

ನಸ್ರೀನ್ ಆಸ್ಪತ್ರೆಯಿಂದ ಬಂದಳು. ಕಾಲೇಜಿಗೆ ಎರಡು ಜಡೆ ಹಾಕಿಕೊಂಡು ಬರುತ್ತಿದ್ದ ಹುಡುಗಿ ಈಗ ತಲೆ ನೆರೆತ ಹೆಂಗಸು. ಕೆಲಸದ ಉಡುಪಿನಲ್ಲೇ ಅಡಿಗೆಮನೆಗೆ ಬಂದು ನನ್ನ ಪಕ್ಕ ನಿಂತಳು.

"ಆಂಟಿ, ಅಮ್ಮಿ ಗುಳಿಗಿ ಯಾವ ಹೊತ್ತಿಗ್ಯಾವುದು ಅಂತ ನಿಮ್ಮ ಫೋನಿನಾಗ ಹಾಕಿ ಕೊಡ್ತೀನಿ. ಉಪ್ಪು ಕೊಡಬ್ಯಾಡ್ರಿ. ಕೇಳ್ತಾಳ, ಕೊಡಬ್ಯಾಡ್ರಿ."

"ನಿನಗ ಬ್ಯಾಸರ ಇಲ್ಲೇನ, ನಸ್ರೀನ್?"

"ಅಮ್ಮಿ ಖುಷಿ ಇದ್ರ ಸಾಕ್ರಿ ನನಗ" ಎಂದಳು. ಸಿಂಕಿನ ಕಡೆ ತಿರುಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದಳು. ನನಗೆ ಅರ್ಥವಾಯಿತು. ಅರ್ಥವಾಗದವಳಂತೆ ಹೊರಗೆ ಬಂದೆ.

ಒಂದು ಬೆಳಿಗ್ಗೆ ನನ್ನ ಸಲುವಾಗಿ ಅಲ್ಲೇ ಹತ್ತಿರದ ಪೇರ್ಲ್ಯಾಂಡಿನ ಮೀನಾಕ್ಷಿ ಗುಡಿಗೆ ಹೋದೆವು. ಗೋಪುರ ಮಧುರೆಯದು, ಸುತ್ತಲಿನ ಬಯಲು ಟೆಕ್ಸಾಸಿನದು, ನಿಲ್ಲಿಸಿದ ಕಾರುಗಳ ಸಾಲು ದೇವರಿಗಿಂತ ಉದ್ದ. ಮೆಹರ್ ಹೊರಗೆ ನೆರಳಿನಲ್ಲಿ ಕೂತಿದ್ದಳು. ನಾನು ಬಂದು ನೋಡಿದರೆ ಯಾರೋ ತಮಿಳು ಅಜ್ಜಿಯೊಡನೆ ಇಬ್ಬರಿಗೂ ಬಾರದ ಹಿಂದಿಯಲ್ಲಿ ಮಂಡಿನೋವಿನ ಬಗ್ಗೆ ಮಾತು ನಡೆದಿತ್ತು. ಹೊರಡುವಾಗ ಆ ಅಜ್ಜಿ, ಮುಂದಿನ ಶುಕ್ರವಾರ ಬರುತ್ತೀರಲ್ಲ ಎಂದು ಕೇಳಿದಳು. ಮೆಹರ್ ಹೂಂ ಎಂದಳು. ಮುಂದಿನ ಶುಕ್ರವಾರ ನಾವು ವಿಜಯಪುರದಲ್ಲಿರಬೇಕಿತ್ತು. ಬಾಯಿತಪ್ಪಿ ಹೇಳಿರಬೇಕು ಎಂದುಕೊಂಡೆ.

ಆಸ್ಟಿನ್

ಆಸ್ಟಿನ್ನಿಗೆ ನಸ್ರೀನ್ ರಜೆ ಹಾಕಿ ಡ್ರೈವ್ ಮಾಡಿದಳು. ಮೆಹರ್ ಹಿಂದಿನ ಸೀಟಿನಲ್ಲಿ ದಿಂಬಿಗೊರಗಿ ಕೂತು, ದಾರಿಯ ಇಕ್ಕೆಲದ ಬಯಲನ್ನು ನೋಡುತ್ತ, ಇದು ಥೇಟ್ ನಮ್ಮ ಸಿಂದಗಿ ರಸ್ತೆ, ಎತ್ತಿನ ಗಾಡಿ ಒಂದಿಲ್ಲ ಎಂದಳು. ನಿಜವಾಗಿಯೂ ಹಾಗೇ ಇತ್ತು.

ಅಲ್ಲಿ ಭಾಷಣ ಒಂದು ಶಾಲೆಯ ಹಾಲಿನಲ್ಲಿ. ಹಿಂದೆ ಗುಮ್ಮಟ ಇರಲಿಲ್ಲ, ಅಮೆರಿಕದ ಬಾವುಟ ಇತ್ತು. ಗೋಗಿಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಿದೆ. ಬಯಲಿನಲ್ಲಿ ಒಂದು ಕಟ್ಟೆ, ಅದರ ಮೇಲೆ ಸಾದಾ ಗೋರಿಗಳು. ದೊರೆಯದು ಯಾವುದೆಂದು ಅಲ್ಲಿಯವರನ್ನೇ ಕೇಳಿ ತಿಳಿಯಬೇಕು. ಮುಗಿದ ಮೇಲೆ ಮುಂದಿನ ಸಾಲಿನ ಕನ್ನಡಕದ ಹುಡುಗಿಯೊಬ್ಬಳು ಕೈ ಎತ್ತಿದಳು. ಕನ್ನಡ ಪೂರ್ತಿ ಅರ್ಥವಾಗಿತ್ತು, ಕೇಳಿದ್ದು ಇಂಗ್ಲಿಷಿನಲ್ಲಿ. ಅವನು ರಾಜನಾದಮೇಲೆ ತನ್ನ ದೇಶಕ್ಕೆ ಯಾಕೆ ವಾಪಸ್ ಹೋಗಲಿಲ್ಲ? ಸತ್ತ ಮೇಲಾದರೂ ಅಲ್ಲಿಗೆ ಯಾಕೆ ಕಳಿಸಲಿಲ್ಲ?

ನಾನು ಮೇಷ್ಟರಗಿತ್ತಿಯಂತೆ ಶುರುಮಾಡಿದೆ. ಆ ಕಾಲದ ಸಾರಿಗೆ, ಸಮುದ್ರದ ಹಾದಿ, ಆಧಾರಗಳ ಕೊರತೆ. ಹುಡುಗಿಯ ಕಣ್ಣು ನನ್ನಿಂದ ಜಾರುತ್ತಿತ್ತು. ಆಗ ಎರಡನೆಯ ಸಾಲಿನಿಂದ ಮೆಹರಿನ ದನಿ ಬಂತು.

"ಅಲ್ಲಿಗಿ ಕಳಿಸಿದ್ರ ಅವಗ ಮಣ್ಣ ಕೊಡವರು ಯಾರಿದ್ರು, ಪುಟ್ಟಿ? ಅವನ ಮಗ ಇಲ್ಲಿದ್ದ. ಹೇಣ್ತಿ ಇಲ್ಲಿದ್ಲು. ಅಂವ ನಂಬಿದ ಪೀರು ಇಲ್ಲಿದ್ರು. ಹುಟ್ಟಿದ ಊರಾಗ ಅವನ ಹೆಸರ ಹೇಳವ್ರೂ ಇದ್ದಿಲ್ಲ."

ಹುಡುಗಿ ತಲೆಯಾಡಿಸಿದಳು. ಜನ ಚಪ್ಪಾಳೆ ತಟ್ಟಿದರು. ನಾನು ಮೆಹರನ್ನು ನೋಡಿದೆ. ಆಕೆ ನನ್ನನ್ನು ನೋಡಲಿಲ್ಲ.

ವಾಪಸು ಬರುವ ದಾರಿಯಲ್ಲಿ ಊರು ಕಳೆದು ಬಯಲು ಬಂದ ಮೇಲೆ ಆಕೆ ಮಾತಾಡಿದಳು.

"ಶಾಂತಾ, ಸಿಟ್ಟಾಗಬ್ಯಾಡ. ನಾ ಬರಂಗಿಲ್ಲ."

"ಹುಚ್ಚಿ ಹಂಗ ಮಾತಾಡಬ್ಯಾಡ. ಕೋಣಿಗೆ ಸುಣ್ಣ ಹಚ್ಚಿಸೇವಿ. ಕರದಾಕಿ ನೀನ."

"ಕರದಾಗ ಖರೇನ ಬರಬೇಕಂತ ಇತ್ತು. ಸಾಯೂದು ಅಂದ್ರ ಊರು ನೆನಪಾತು. ಆಮ್ಯಾಲ ಪೆಟಗಿ ಕಟ್ಟಕೋತ ಕಟ್ಟಕೋತ ವಿಚಾರ ಬಂತು. ಈಕಿ ಅಬ್ಬಾ ಹೋದ ದಿನ ನೀನೂ ಇದ್ದಿ. ಜನಾಜಾ ಎತ್ತಿದ್ರು. ಈಕಿ ನಾನೂ ಬರ್ತೀನಿ, ನಾನೂ ಮಣ್ಣ ಹಾಕ್ತೀನಿ ಅಂದ್ಲು. ಹೆಣ್ಮಕ್ಕಳು ಕಬರಸ್ತಾನಕ್ಕ ಬರಬಾರದು ಅಂತ ಗಂಡಸರು ಬಿಡಲಿಲ್ಲ. ನೆನಪದ ಏನು?"

ನೆನಪಿಲ್ಲದೆ ಏನು? ಆ ಹುಡುಗಿಯ ತೋಳು ಹಿಡಿದು ನಿಂತಿದ್ದವಳು ನಾನೇ. ಶವ ಹೊತ್ತ ಜನಾಜಾ ಓಣಿಯ ತಿರುವಿನಲ್ಲಿ ಮರೆಯಾದ ಮೇಲೂ ಆಕೆ ಹೊಸ್ತಿಲು ಬಿಟ್ಟು ಕದಲಿರಲಿಲ್ಲ.

"ಆಕಿ ಇನ್ನೂ ಆ ಬಾಗಲದಾಗೇ ನಿಂತಾಳ ಅನಸ್ತದ ನನಗ" ಎಂದಳು ಮೆಹರ್. "ನಾ ಅಲ್ಲಿ ಸತ್ರ ಈಕಿ ಬರೂದ್ರಾಗ ಮಣ್ಣ ಆಗಿರ್ತದ. ನಮ್ಮಾಗ ತಡಾ ಮಾಡಂಗಿಲ್ಲ. ಒಂದು ವೇಳೆ ಬಂದು ಮುಟ್ಟಿದ್ರೂ ಮತ್ತ ಅದ ಬಾಗಲದಾಗ ನಿಂದರಬೇಕು. ಇಲ್ಲಿ ಹಂಗಿಲ್ಲ ಶಾಂತಾ. ಈಕಿ ಗೆಳತಿ ತಾಯಿ ಮಣ್ಣಿಗಿ ನಾವು ಹೋಗಿದ್ವಿ. ಹೆಣ್ಮಕ್ಕಳೂ ಮುಂದ ಬಂದು ಮೂರ ಮೂರ ಹಿಡಿ ಹಾಕಿದ್ರು. ಯಾರೂ ತಡೀಲಿಲ್ಲ. ನನಗಿರಾಕಿ ಈಕಿ ಒಬ್ಬಾಕಿ. ಈಕಿ ಕೈಲೇ ಮಣ್ಣ ಬೀಳಲಿ."

ನಸ್ರೀನ್ ಕಾರನ್ನು ರಸ್ತೆಯ ಬದಿಗೆ ತೆಗೆದುಕೊಂಡು ನಿಲ್ಲಿಸಿದಳು. ಸ್ಟೇರಿಂಗಿಗೆ ಹಣೆ ಹಚ್ಚಿ ಅಳತೊಡಗಿದಳು. ಪಕ್ಕದಲ್ಲಿ ದೊಡ್ಡ ದೊಡ್ಡ ಲಾರಿಗಳು ಹಾದಾಗ ಕಾರು ಅಲುಗುತ್ತಿತ್ತು. ನನಗೆ ಸಿಟ್ಟು ಬಂತು. ದುಃಖಕ್ಕಿಂತ ಮೊದಲು ಸಿಟ್ಟೇ ಬಂತೆಂದು ಬರೆಯಲು ನಾಚಿಕೆಯಿಲ್ಲ. ಸಮುದ್ರ ದಾಟಿ ಬಂದವಳು ನಾನು, ಬರಿಗೈಯಲ್ಲಿ ಹೋಗಬೇಕೆ?

"ಮತ್ತ ನಾನು? ನಾ ಎಲ್ಲಿಂದ ಬರಲಿ ನಿನ್ನ ಮಣ್ಣಿಗೆ?" ಎಂದೆ. ದನಿ ಎತ್ತರಿಸಿಯೇ ಕೇಳಿದೆ.

ಮೆಹರ್ ಹಿಂದಿನಿಂದ ಕೈ ಚಾಚಿ ನನ್ನ ಭುಜದ ಮೇಲಿಟ್ಟಳು. "ಊರಾಗಾದ್ರ ನಿನಗ ಬಿಡತಿದ್ರೇನ? ನೀನೂ ನಸ್ರೀನ್‌ನಂಗ ಬಾಗಲದಾಗ ನಿಂದರತಿದ್ದಿ."

ಅದು ನನಗೆ ಹೊಳೆದೇ ಇರಲಿಲ್ಲ. ನನ್ನ ಅವ್ವನ ಮಣ್ಣಿಗೆ ಹೋಗಿ, ನನ್ನ ಕೈಯಾರೆ ಮಣ್ಣು ಹಾಕಿ ಬಂದವಳು ನಾನು. ಮೆಹರಿನ ಕೊನೆಯ ದಿನವನ್ನು ನೆನೆದಾಗಲೆಲ್ಲ ನನ್ನನ್ನು ಅಲ್ಲಿಯೇ, ಗೋರಿಯ ಅಂಚಿನಲ್ಲಿಯೇ, ನಿಲ್ಲಿಸಿಕೊಂಡಿದ್ದೆ. ಯಾರಿಗೆ ಎಲ್ಲಿಯವರೆಗೆ ಹೋಗಲು ಬಿಡುತ್ತಾರೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಯೂಸುಫನ ಗೋರಿಯ ಬಗ್ಗೆ ಊರೂರು ಭಾಷಣ ಮಾಡಿದವಳು ನಾನು.

"ನನ್ನ ಭಾಷಣ ಕೇಳಿ ಮನಸ್ಸು ಬದಲಾತೇನ?" ಎಂದು ಕೇಳಿದೆ.

"ಹಂಗ ತಿಳಕೋಬ್ಯಾಡ. ನಿನಗ ಮೊದಲ ಸೊಕ್ಕ ಭಾಳ" ಎಂದಳು. ನಸ್ರೀನ್ ಅಳುತ್ತಲೇ ನಕ್ಕಳು. ಸ್ವಲ್ಪ ಹೊತ್ತಿನ ಮೇಲೆ ಕಾರು ಹೊರಟಿತು.

ಮತ್ತೆ ಹ್ಯೂಸ್ಟನ್

ಆಮೇಲಿನ ದಿನಗಳಲ್ಲಿ ನಾವು ಆ ಮಾತೆತ್ತಲಿಲ್ಲ. ಪೆಟ್ಟಿಗೆ ಬಿಚ್ಚಿ, ಅದರಲ್ಲಿದ್ದ ಸಾಮಾನನ್ನು ನನ್ನ ಪೆಟ್ಟಿಗೆಗೆ ತುಂಬಿದೆವು. ತೂಕ ಹೆಚ್ಚಾಗಿ ನನ್ನ ಎರಡು ಸೀರೆ ಅಲ್ಲೇ ಉಳಿದವು. ಮೆಹರ್ ಅದರಲ್ಲೊಂದನ್ನು ಹೊದ್ದುಕೊಂಡು ಓಡಾಡಿದಳು. ನಸ್ರೀನ್ ಅಡಿಗೆಮನೆಯಲ್ಲಿ ಹಾಡು ಗುನುಗುತ್ತಿದ್ದಳು. ಅದನ್ನು ಕೇಳಿದಾಗ ನನ್ನ ಸಿಟ್ಟು ಬಹಳ ಮಟ್ಟಿಗೆ ಕರಗಿತು. ಪೂರ್ತಿ ಕರಗಿತೆಂದರೆ ಸುಳ್ಳಾಗುತ್ತದೆ.

ನಮ್ಮ ದೇಶದ ಹಿರಿಯರಿಗೆ ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಕಾಲು ಬರುವುದಿಲ್ಲ. ಮನೆಯಲ್ಲಿ ಮೂರು ಮಹಡಿ ಹತ್ತುವವರೂ ಅಲ್ಲಿ ಗಾಲಿ ಕುರ್ಚಿ ಬೇಡುತ್ತಾರೆ. ಕುರ್ಚಿ ತಳ್ಳುವವರು ಇಂಗ್ಲಿಷ್ ಮಾತಾಡುತ್ತಾರೆ, ದಾರಿ ತಪ್ಪುವುದಿಲ್ಲ, ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ. ನಮ್ಮ ಟಿಕೆಟ್ ಮಾಡಿಸಿದ ಗೀತಾ ಇಬ್ಬರಿಗೂ ಕುರ್ಚಿ ಬರೆಸಿದ್ದಳು. ಮೆಹರಿನ ಟಿಕೆಟ್ ರದ್ದಾದರೂ ಕುರ್ಚಿ ರದ್ದಾಗಿರಲಿಲ್ಲ. ಎರಡು ಕುರ್ಚಿ, ತಳ್ಳಲು ಇಬ್ಬರು ಹೆಂಗಸರು ಬಂದು ನಿಂತರು. ನಸ್ರೀನ್ ತಪ್ಪಾಗಿದೆ ಎಂದು ಹೇಳಲು ಹೋದಳು. ಅಷ್ಟರಲ್ಲಿ ಮೆಹರ್ ಎರಡನೆಯ ಕುರ್ಚಿಯಲ್ಲಿ ಕೂತೇಬಿಟ್ಟಿದ್ದಳು.

"ಬಂದದ್ದ ವಾಪಸ್ ಯಾಕ ಕಳಿಸೂದು? ಎಲ್ಲಿತನಕ ಬಿಡ್ತಾರ ಅಲ್ಲಿತನಕ ಬರ್ತೀನಿ."

ಆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕು ತಳ್ಳತೊಡಗಿದರು. ನಾವು ಅಕ್ಕಪಕ್ಕದಲ್ಲಿ ಹೊರಟೆವು. ಮೆಹರ್ ನನ್ನ ಕುರ್ಚಿಯ ತೋಳಿನ ಮೇಲೆ ಕೈಯಿಟ್ಟುಕೊಂಡಿದ್ದಳು. ತಮ್ಮನಿಗೆ ಏನು ಹೇಳಬೇಕು, ಓಣಿಯಲ್ಲಿ ಯಾರ ಸೊಸೆಗೆ ಬಳೆ ಕೊಡಬೇಕು ಎಂದು ಹೇಳುತ್ತಲೇ ಇದ್ದಳು. ನಾನು ಕೇಳಿಸಿಕೊಳ್ಳುತ್ತಿರಲಿಲ್ಲ, ಆಕೆಯ ಕೈಯನ್ನು ನೋಡುತ್ತಿದ್ದೆ. ತಪಾಸಣೆಯ ಬಾಗಿಲಲ್ಲಿ ನಿಂತಿದ್ದವನು ಬೋರ್ಡಿಂಗ್ ಪಾಸ್ ಕೇಳಿದ. ನನ್ನದನ್ನು ಕೊಟ್ಟೆ. ಮೆಹರ್ ಎರಡೂ ಬರಿಗೈ ತೋರಿಸಿದಳು.

ಕುರ್ಚಿಯಿಂದ ಕುರ್ಚಿಗೆ ಬಾಗಿ ಅಪ್ಪಿಕೊಳ್ಳುವುದು ಕಷ್ಟ, ಗಾಲಿಗಳು ಅಡ್ಡ ಬರುತ್ತವೆ. ಆಕೆಯ ಹಣೆ ನನ್ನ ಕೆನ್ನೆಗೆ ತಾಗಿತು, ಅಷ್ಟೇ. "ಹೋಗಿ ಬಾ" ಎಂದಳು. ನಾನು ಹೋಗಿ ಬರುತ್ತೇನೆ ಎಂದೆ. ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆಕೆಯ ಕುರ್ಚಿಯನ್ನು ತಿರುಗಿಸಿ ನಸ್ರೀನ್ ತಾನೇ ತಳ್ಳಿಕೊಂಡು ಹೊರಟಳು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತೆ.

ನನ್ನ ಕುರ್ಚಿ ತಳ್ಳುತ್ತಿದ್ದ ಹೆಂಗಸು ಬಾಗಿ, ನಿಮ್ಮ ಅಕ್ಕನೇ ಎಂದು ಕೇಳಿದಳು. ಹೌದು ಎಂದೆ. ಅವರು ನಿಮ್ಮ ಜೊತೆ ಊರಿಗೆ ಬರುವುದಿಲ್ಲವೇ ಎಂದಳು.

"ಇಲ್ಲ" ಎಂದೆ. "ಆಕೆ ಇಲ್ಲಿಯವಳು."